ನನ್ನ ಅಕ್ಕನ ಚಾಪೆಯನ್ನು ನಿಮ್ಮ ಗೋಡೆಯಿಂದ ಇಳಿಸಿ

ನಗರ ವಸತಿ ಯೋಜನೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯೊಳಗೆ ಕಾಲಿಟ್ಟೊಡನೆ ಎದುರಾಗುವ ಗೋಡೆಯ ಮೇಲೆ, ಗಾಜಿನ ಹಿಂದೆ, ಒಂದು ಚಾಪೆಯನ್ನು ತೂಗುಹಾಕಿದ್ದೀರಿ. ಅದನ್ನು ಹೆಣೆದವಳು ನನ್ನ ಅಕ್ಕ ಸಿನಿವಾ. ನೀವು ಕಟ್ಟಿದ ಬಡಾವಣೆಯಲ್ಲಿ ಅವಳಿಗೆ ಮಲಗಲು ಜಾಗವಿಲ್ಲ. ಅವಳಿಗಿಲ್ಲದ ಜಾಗ ಅವಳ ಚಾಪೆಗೂ ಬೇಡ. ಇಳಿಸಿ.

ನಾವು ಸಮೋವಾ ದ್ವೀಪಗಳಿಂದ ಈ ಆಕ್ಲೆಂಡಿಗೆ ಬಂದು ನೆಲೆಸಿದವರು. ಕೇದಗೆಯ ಎಲೆಯನ್ನು ಎಳೆಎಳೆಯಾಗಿ ಸೀಳಿ, ಬಟ್ಟೆಯಷ್ಟು ನಯವಾಗಿ ಹೆಣೆದ ಇಂಥ ಚಾಪೆಯನ್ನು ಮದುವೆಗೆ ಕೊಡುತ್ತೇವೆ, ಸಾವಿಗೆ ಕೊಡುತ್ತೇವೆ, ಗೌರವಕ್ಕೆ ಅರ್ಹರಾದ ಅತಿಥಿಗಳಿಗೆ ಕೊಡುತ್ತೇವೆ. ನೀವು ನಮ್ಮ ಚರ್ಚಿನ ಸಭಾಂಗಣಕ್ಕೆ ಬಂದ ದಿನ ನಿಮ್ಮನ್ನು ಅಂಥವರೆಂದೇ ತಿಳಿದುಕೊಂಡೆವು. ಹೆಂಗಸರೆಲ್ಲ ಸೇರಿ ಹಂದಿಮಾಂಸ ಬೇಯಿಸಿದೆವು, ಕೆಸುವಿನ ಗೆಡ್ಡೆ ಸುಟ್ಟೆವು, ತೆಂಗಿನಹಾಲಿನ ಪಲ್ಯ ಮಾಡಿದೆವು. ನೀವು ಎರಡು ಸಲ ಹಾಕಿಸಿಕೊಂಡು ಉಂಡಿರಿ. ಆಮೇಲೆ ಪರದೆಯ ಮೇಲೆ ಚಿತ್ರ ತೋರಿಸಿ, ಹಳೆಯ ಮನೆಗಳನ್ನು ಕೆಡವಿ ಇಲ್ಲಿ 'ಕುಟುಂಬಸ್ನೇಹಿ ಬಡಾವಣೆ' ಕಟ್ಟುತ್ತೇವೆ ಎಂದಿರಿ. ಚಿತ್ರದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಮತ್ತು ಒಂದು ನಾಯಿ ಇದ್ದರು. ಸಿನಿವಾ ನನ್ನ ಕಿವಿಯ ಹತ್ತಿರ ಬಂದಳು.

"ಫುವಾ, ಇದರಲ್ಲಿ ನಾನೆಲ್ಲಿದೀನೇ?"

"ನಾಯಿ ಪಕ್ಕದಲ್ಲಿ ನೋಡಕ್ಕ."

"ಅದು ಮರ ಕಣೇ."

ನಾವಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ನೀವು ಅದನ್ನು ಸಂತೋಷವೆಂದು ತಿಳಿದಿರಬೇಕು.

"ಎಲ್ಲರಿಗೂ ಒಪ್ಪಿಗೆಯೇ?" ಎಂದು ಕೇಳಿದಿರಿ. ಸಭೆಯೆಲ್ಲ "ಹೂಂ, ಹೂಂ" ಎಂದಿತು. ಮಾನ್ಯರೇ, ಹಿರಿಯರಾಗಲಿ ಅತಿಥಿಗಳಾಗಲಿ ಮಾತಾಡುವಾಗ ನಾವು ಹೂಂಗುಡುವುದು ಮಾತು ಕಿವಿಗೆ ಬಿತ್ತು ಎಂದು ತಿಳಿಸಲು. ನಮ್ಮ ಅನ್ನ ಉಂಡು ಕೂತವರಿಗೆ ಅಲ್ಲೇ ಎದ್ದುನಿಂತು ಇಲ್ಲ ಎನ್ನುವುದನ್ನು ನಮ್ಮ ತಾಯಂದಿರು ಕಲಿಸಿಲ್ಲ. ನಾಲ್ಕು ದಿನ ಬಿಟ್ಟು ನಮ್ಮ ಹಿರಿಯರು ನಿಮ್ಮಲ್ಲಿಗೆ ಬಂದು, ಹವಾಮಾನ ಮಾತಾಡಿ, ಮಕ್ಕಳ ಯೋಗಕ್ಷೇಮ ಮಾತಾಡಿ, ಕೊನೆಗೆ ಮೆಲ್ಲಗೆ ನಮ್ಮ ಕಷ್ಟ ಹೇಳುವವರಿದ್ದರು. ಅವರು ಬರುವ ಮುಂಚೆಯೇ ನೀವು ಬುಲ್ಡೋಜರ್ ಗೊತ್ತುಮಾಡಿ ಆಗಿತ್ತು. ಸಭೆಯ ದಿನ ನೀವು ಹೊರಡುವಾಗ ಸಿನಿವಾ ತನ್ನ ಪೆಟ್ಟಿಗೆಯಲ್ಲಿದ್ದ ಅತ್ಯುತ್ತಮ ಚಾಪೆಯನ್ನು ನಿಮಗೆ ಕೊಟ್ಟಳು. ಮನೆಗೆ ಬಂದ ಅತಿಥಿ ಬರಿಗೈಯಲ್ಲಿ ಹೋಗಬಾರದೆಂದು ಕೊಟ್ಟಳೇ ಹೊರತು ಮನೆ ಕೆಡವಲು ಹರಸಿ ಅಲ್ಲ.

ಕೆಡವಿದ ಬೀದಿಯಲ್ಲಿ ನನ್ನ ಮನೆ, ಪಕ್ಕದಲ್ಲಿ ಅವಳ ಮನೆ. ನಡುವೆ ಬೇಲಿ ಇರಲಿಲ್ಲ. ಮಕ್ಕಳು ನಿದ್ದೆ ಬಂದ ಕಡೆ ಮಲಗುತ್ತಿದ್ದರು, ಹಸಿವಾದ ಕಡೆ ಉಣ್ಣುತ್ತಿದ್ದರು. ಆ ಮನೆಗಳು ಹಳೆಯವು, ಚಳಿಗಾಲದಲ್ಲಿ ಗೋಡೆಗೆ ಬೂಸ್ಟು ಹಿಡಿಯುತ್ತಿತ್ತು, ಒಪ್ಪುತ್ತೇನೆ. ಆಕ್ಲೆಂಡಿನಲ್ಲಿ ಜನ ಹೆಚ್ಚು, ನೆಲ ಕಡಿಮೆ ಎಂಬುದೂ ನನಗೆ ಗೊತ್ತು. ಹೈಸ್ಕೂಲು ಮುಗಿಸಿದ್ದೇನೆ, ಪೇಪರು ಓದುತ್ತೇನೆ. ಮನೆಯ ಮೇಲೆ ಮನೆ ಕಟ್ಟಿ, ಯಾರು ಬೇಡವೆಂದರು? ಆದರೆ ಕಟ್ಟುವ ಮುಂಚೆ ಆ ಮನೆಯಲ್ಲಿ ಯಾರು ಯಾರು ಇರುತ್ತಾರೆಂದು ಒಂದು ಮಾತು ಕೇಳಬೇಡವೇ?

ನೀವು ನಮಗೆ ಕೊಟ್ಟ ಮನೆಯ ಕೆಳಗಿನ ಅಂತಸ್ತಿನಲ್ಲಿ ಇರುವುದು ಅಡುಗೆಯ ಜಾಗ ಮತ್ತು ಕಾರು ನಿಲ್ಲಿಸುವ ಕೋಣೆ. ಮಲಗುವ ಕೋಣೆಗಳೂ ಬಚ್ಚಲೂ ಮೇಲೆ. ನಡುವೆ ಕಡಿದಾದ, ಅರ್ಧದಲ್ಲಿ ತಿರುಗುವ ಮೆಟ್ಟಿಲು. ಅಂದರೆ ಕಾರಿಗೆ ಮೊಣಕಾಲು ನೋವು, ಅಜ್ಜಿಯರಿಗೆ ಇಲ್ಲ. ಸಿನಿವಾಳಿಗೆ ಊರಿನ ಆಚೆ ತುದಿಯಲ್ಲಿ ಒಬ್ಬರೇ ಇರುವ ಮನೆ ಕೊಟ್ಟು ಅದನ್ನು 'ಸ್ವಾವಲಂಬನೆ' ಎಂದಿರಿ. ಹುಟ್ಟಿದಂದಿನಿಂದ ಒಂಟಿಯಾಗಿ ಮಲಗದ ಹೆಂಗಸಿಗೆ ಸ್ವಾವಲಂಬನೆ. ಅವಳು ಆ ಬೀಗದ ಕೈಯನ್ನು ನಿಮ್ಮವರ ಮೇಜಿನ ಮೇಲಿಟ್ಟು ನಮ್ಮಲ್ಲಿಗೆ ಬಂದಳು. ಮೊಮ್ಮಕ್ಕಳ ಜೊತೆ ಮೇಲೆ ಮಲಗಿದಳು. ಒಂದು ಬೆಳಿಗ್ಗೆ ಆ ತಿರುವಿನಲ್ಲಿ ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡಳು.

ಕೆಳಗೇ ಹಾಸಿಗೆ, ಕೆಳಗೇ ಬಚ್ಚಲು ಇದ್ದರೆ ಮನೆಗೆ ಕರೆದೊಯ್ಯಬಹುದು, ಇಲ್ಲದಿದ್ದರೆ ವೃದ್ಧಾಶ್ರಮಕ್ಕೆ ಎಂದು ಆಸ್ಪತ್ರೆಯವರು ಹೇಳಿದರು. ನನ್ನ ಮಗ ಇಯೊಸೆಫೊ ಕಾರನ್ನು ಬೀದಿಗೆ ತಳ್ಳಿ, ಆ ಕೋಣೆಯನ್ನು ತೊಳೆದು, ಮಂಚ ಹಾಕಿ, ಪರದೆ ಕಟ್ಟಿದ. ಬಚ್ಚಲು ಕಟ್ಟಲು ನಿಮ್ಮ ಅನುಮತಿ ಕೇಳಿದ. ಬಂದದ್ದು ನಿಮ್ಮ ತಪಾಸಣೆಯವನು. ಆ ಕೋಣೆ ಮನುಷ್ಯರು ಮಲಗಲು ಯೋಗ್ಯವಲ್ಲವಂತೆ, ಕಿಟಕಿಯಿಲ್ಲವಂತೆ, ತೇವವಂತೆ. ಸರಿಯಾದ ಮಾತೇ. ಹಾಗಾದರೆ ಕೆಳಗಿನ ಅಂತಸ್ತಿನ ಅತಿ ದೊಡ್ಡ ಕೋಣೆಯನ್ನು ಮನುಷ್ಯರಿಗೆ ಯೋಗ್ಯವಲ್ಲದಂತೆ ಕಟ್ಟಿದವರು ಯಾರು, ನಾನೇ?

ನಿಮ್ಮನ್ನು ಕಾಣಲು ಬಂದೆ. ನೀವು ಸಿಗಲಿಲ್ಲ. ನಿಮ್ಮ ಎಳೆಯ ಎಂಜಿನಿಯರು ಸಿಕ್ಕಿದ. ವಿನಯದ ಹುಡುಗ, ಕುರ್ಚಿ ಕೊಟ್ಟ.

"ನಿಮ್ಮ ಅಕ್ಕ ವಿಸ್ತೃತ ಕುಟುಂಬಕ್ಕೆ ಸೇರ್ತಾರೆ ಮೇಡಂ. ನಮ್ಮ ವಿನ್ಯಾಸ ಮೂಲ ಕುಟುಂಬಕ್ಕೆ."

"ವಿಸ್ತೃತ ಅಂದ್ರೇನಪ್ಪ?"

"ಅಂದ್ರೆ… ಸ್ವಲ್ಪ ಹೊರಗಿನವರು."

"ನಮ್ಮಮ್ಮ ಸತ್ತಾಗ ನನ್ನನ್ನ ಸೊಂಟದ ಮೇಲೆ ಎತ್ಕೊಂಡು ಸಾಕಿದೋಳು ಹೊರಗಿನೋಳು. ಆಯ್ತು. ಕಾರು?"

"ಕಾರು?"

"ಅದು ಮೂಲವೋ ವಿಸ್ತೃತವೋ? ಮನೆ ಒಳಗೆ ಮಲಗತ್ತಲ್ಲ."

ಹುಡುಗ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಸಭೆಯಲ್ಲಿ ಎಲ್ಲರೂ ಹೂಂ ಅಂದಿದ್ರಲ್ಲ ಮೇಡಂ. ಖುಷಿಯಿಂದ ಚಾಪೆ ಬೇರೆ ಕೊಟ್ರಿ" ಎಂದು ಗೋಡೆ ತೋರಿಸಿದ. ಎದ್ದು ಹೋಗಿ ನೋಡಿದೆ. ಚಾಪೆಯ ಕೆಳಗೆ ಹಿತ್ತಾಳೆಯ ಪಟ್ಟಿ: 'ಕುಟುಂಬಗಳ ಒಪ್ಪಿಗೆಯ ಕುರುಹು.'

ನನ್ನ ಅಕ್ಕನ ಬೆರಳುಗಳನ್ನೇ ನೀವು ಅವಳ ವಿರುದ್ಧ ಸಾಕ್ಷಿಗೆ ನಿಲ್ಲಿಸಿದ್ದೀರಿ.

ಕೊಟ್ಟ ಚಾಪೆಯನ್ನು ವಾಪಸು ಕೇಳುವುದು ನಮ್ಮಲ್ಲಿ ಎಂಥ ನಾಚಿಕೆಗೇಡೆಂದರೆ, ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ಮೊದಲನೆಯವಳು ನಾನೇ ಆಗುತ್ತೇನೆಂದು ನಿಶ್ಚಯಿಸಿ ಆಸ್ಪತ್ರೆಗೆ ಹೋಗಿ ಸಿನಿವಾಳಿಗೆ ಹೇಳಿದೆ. ಊಟದ ತಟ್ಟೆಯನ್ನು ಮುಟ್ಟದೆ ಮಲಗಿದ್ದವಳು ತಲೆ ಎತ್ತಿದಳು.

"ಕೊಟ್ಟಿದ್ದನ್ನ ಕೇಳ್ತೀಯಾ? ಮಾನ ಮರ್ಯಾದೆ ಇಲ್ವೇನೇ ನಿಂಗೆ?"

"ನಿನ್ನನ್ನ ಮನೆಗೆ ಕರ್ಕೊಂಡ್ ಬರೋಕೆ ಅದನ್ನೂ ಬಿಡ್ತೀನಿ."

ಅವಳು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಆಮೇಲೆ, "ಕೇಳ್ಬೇಡ" ಎಂದಳು. "ಅವರೇ ತರ್ಲಿ. ತಲೆ ಮೇಲೆ ಹೊದ್ಕೊಂಡು ತರ್ಲಿ."

ನನಗಿಂತ ಅವಳಿಗೆ ಸಿಟ್ಟು ಹೆಚ್ಚು ಎಂದು ಆಗ ತಿಳಿಯಿತು. ಮಾನ್ಯರೇ, ನಮ್ಮಲ್ಲಿ ಒಂದು ಮನೆಗೆ ಘೋರ ಅನ್ಯಾಯ ಮಾಡಿದವರು ನಸುಕಿನಲ್ಲೇ ಆ ಮನೆಯ ಮುಂದೆ ಬಂದು, ಇಂಥ ಚಾಪೆಯನ್ನು ತಲೆಯ ಮೇಲಿಂದ ಹೊದ್ದು, ತಲೆ ತಗ್ಗಿಸಿ ನೆಲದ ಮೇಲೆ ಕೂರುತ್ತಾರೆ. ಮಾತಾಡುವಂತಿಲ್ಲ. ನೊಂದವರು ಬಂದು ಚಾಪೆ ಎತ್ತಿದರೆ ಕ್ಷಮೆ ಸಿಕ್ಕಿತು. ಎತ್ತದಿದ್ದರೆ ಬಿಸಿಲೇರಿದರೂ ಮಳೆ ಬಂದರೂ ಕೂತೇ ಇರಬೇಕು.

ಆದ್ದರಿಂದ ನನ್ನ ಒತ್ತಾಯವಿಷ್ಟು. ಆ ಕಾರಿನ ಕೋಣೆಗೆ ಕಿಟಕಿ ಇಡಿಸಿ, ಒಣ ನೆಲ ಹಾಕಿಸಿ, ಪಕ್ಕದಲ್ಲಿ ಬಚ್ಚಲು ಕಟ್ಟಿಸಿ, ಗಾಲಿಕುರ್ಚಿ ಹಿಡಿಸುವ ಬಾಗಿಲು ಕೂರಿಸಿ. ಹಿತ್ತಾಳೆಯ ಪಟ್ಟಿಯನ್ನು ಕಿತ್ತುಹಾಕಿ. ಚಾಪೆಯನ್ನು ಆಳುಕಾಳಿನ ಕೈಯಲ್ಲಿ ಕಳಿಸಬೇಡಿ. ನೀವೇ ಹೊದ್ದು ಬಂದು ನಮ್ಮ ಬಾಗಿಲ ಮುಂದೆ ಕೂರಿ. ನೀವು ಕಟ್ಟಿದ ಮನೆಗೆ ಅಂಗಳವಿಲ್ಲ, ಹಾಗಾಗಿ ಕಾಲುದಾರಿಯ ಸಿಮೆಂಟಿನ ಮೇಲೆಯೇ ಕೂರಬೇಕಾದೀತು. ಬೀದಿಯ ಜನ ಕಿಟಕಿಗಳಿಂದ ನೋಡುತ್ತಾರೆ, ಮಕ್ಕಳು ನಗುತ್ತಾರೆ, ನಾನು ಬೇಡವೆನ್ನುವುದಿಲ್ಲ. ಚಾಪೆ ಎತ್ತುವ ಅಧಿಕಾರ ನನಗಿಲ್ಲ. ಅದು ಸಿನಿವಾಳದು. ಅವಳು ಆ ಕೋಣೆಯಿಂದ ಗಾಲಿಕುರ್ಚಿಯಲ್ಲಿ ಹೊರಗೆ ಬರುವವರೆಗೆ ನೀವು ಕೂತಿರಿ.

ಇಂತಿ,
ಇನ್ನು ಮುಂದೆ ಯಾರ ಮಾತಿಗೂ ಹೂಂಗುಡದ,
ಫುವಾಟಿನೊ
ದಕ್ಷಿಣ ಆಕ್ಲೆಂಡ್