ಜೋಳಕ್ಕೆ ಕೂದಲ ಬೇಲಿ

ಪ್ರೀತಿಯ ಅಪ್ಪನಿಗೆ,

ಕಳೆದ ಸಲ ಮನೆಗೆ ಬಂದಾಗ ಅಂಗಡಿಯಲ್ಲಿ ಗುಡಿಸಿದ ಕೂದಲನ್ನು ಚೀಲಕ್ಕೆ ತುಂಬುತ್ತಿದ್ದರೆ, "ನಿಂಗೇನು ತಲೆ ಕೆಟ್ಟಿದೆಯಾ?" ಎಂದಿರಿ. ಈಗ ಉತ್ತರ ಹೇಳುತ್ತೇನೆ.

ನಮ್ಮ ಶಾಲೆಯ ಕೃಷಿ ಸಂಘದ ಜೋಳಕ್ಕೆ ಕಾಡುಹಂದಿಗಳ ಕಾಟ ಹತ್ತಿತ್ತು. ತಗಡು ಬಡಿದದ್ದಾಯಿತು, ಬೆದರುಬೊಂಬೆ ನಿಲ್ಲಿಸಿದ್ದಾಯಿತು. ಹಂದಿಗಳು ಬೊಂಬೆಯನ್ನೇ ಉರುಳಿಸಿ ಹೋದವು. ಸುತ್ತಲೂ ಮನುಷ್ಯರ ಕೂದಲು ಚೆಲ್ಲಿದರೆ, ನೆಲ ಮೂಸುತ್ತ ಬರುವ ಹಂದಿಯ ಮೂಗಿಗೆ ಅದು ಹೊಕ್ಕು, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುತ್ತದೆ ಎಂದರು ಮೇಷ್ಟ್ರು. "ಅಷ್ಟೊಂದು ಕೂದಲು ಎಲ್ಲಿಂದ ತರೋದು?" ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಸಂಘಕ್ಕೆ ಸೇರಿದ ದಿನ ಒಬ್ಬೊಬ್ಬರೂ ತಮ್ಮ ಮನೆಯ ಹೊಲದ ಸುದ್ದಿ ಹೇಳುವಾಗ ಸುಮ್ಮನಿದ್ದ ನಾನು ಅಂದು ಎದ್ದು ನಿಂತೆ. "ನಮ್ಮಪ್ಪಂದು ಕ್ಷೌರದಂಗಡಿ. ನಾನು ತರ್ತೀನಿ" ಎಂದೆ.

ಆಮೇಲೆ ಒಂದು ತೆನೆಯೂ ಹೋಗಿಲ್ಲ. ನನ್ನನ್ನು ಬೇಲಿಯ ಮುಖ್ಯಸ್ಥೆ ಮಾಡಿದ್ದಾರೆ. "ಅಂಗೈಯಗಲ ನೆಲ ಇಲ್ಲದವರಿಗೆ ಕೃಷಿ ಸಂಘ ಯಾಕೆ?" ಎಂದು ಅಜ್ಜಿ ಕೇಳಿದ್ದರಲ್ಲ, ಅವರಿಗೂ ಇದನ್ನು ಓದಿ ಹೇಳಿ.

ಮೊನ್ನೆಯ ಮಳೆಗೆ ಕೂದಲೆಲ್ಲ ಕೊಚ್ಚಿಹೋಯಿತು. ಇನ್ನೊಂದು ಚೀಲ ಬೇಕು. ಗಡ್ಡದ ಸೋಪಿನ ನೊರೆ ಬೆರೆಯದ ಒಣ ಕೂದಲೇ ಆಗಬೇಕು. ಅಂಗಡಿಗೆ ರಜೆ ಇರುವ ದಿನ ನೀವೇ ತನ್ನಿ. ಕತ್ತರಿ, ಬಾಚಣಿಗೆಯೂ ಜೊತೆಗಿರಲಿ. ನಿಮ್ಮ ಕೈಯಿಂದಲೇ ಆಗಲಿ ಎಂದು ಸಂಘದ ಹುಡುಗರೆಲ್ಲ ಕೂದಲು ಬಿಟ್ಟುಕೊಂಡು ಕಾಯುತ್ತಿದ್ದಾರೆ. ಹೊಲದ ಬದುವಿನ ಮೇಲೆ ಕುರ್ಚಿ ಹಾಕಿಸುತ್ತೇನೆ. ಮೊದಲ ಸರದಿ ಮೇಷ್ಟ್ರದು. ಅವರ ತಲೆಯಲ್ಲಿರುವುದು ಒಂದು ಗಿಡಕ್ಕೂ ಸಾಲದು, ಆದರೂ ಪಟ್ಟು ಬಿಡುತ್ತಿಲ್ಲ.

ಬದುವಿನಲ್ಲಿ ದಾರಿ ಕಾಯುವ
ನಿಮ್ಮ ಮಗಳು