ಮುಚ್ಚಳದ ಅಳತೆ

ಜೂನ್ 9, ಸೋಮವಾರ

ಚೆನ್ನೈನ ಶೋಳಿಂಗನಲ್ಲೂರು ಸಿಗ್ನಲ್‌ನಲ್ಲಿ ಕ್ಯಾಬ್ ನಿಂತೇ ಇತ್ತು. ಓದುತ್ತಿರುವ ಹಂಗೇರಿಯನ್ ಕಾದಂಬರಿಯ ಅನುವಾದ ಒಂದು ಅಧ್ಯಾಯ ಮುಂದೆ ಹೋಯಿತು. ನನ್ನ ಸಿಮ್ಯುಲೇಶನ್ ಮಾತ್ರ ಹೋಗಲಿಲ್ಲ. ಬಸ್ಸಿನ ಬ್ಯಾಟರಿ ಪೆಟ್ಟಿಗೆ — ಒಳಗೆ ಒಂದು ಸೆಲ್ ಹೊತ್ತಿಕೊಂಡರೆ ಶಾಖ ಎಷ್ಟು, ಗ್ಯಾಸಿನ ಒತ್ತಡ ಎಷ್ಟು, ಮುಚ್ಚಳ ಎಷ್ಟು ಏಳುತ್ತದೆ. ಮೂರನ್ನೂ ಒಟ್ಟಿಗೇ ಬಿಡಿಸಬೇಕು. ಒತ್ತಡದ ಅಂಕಿ ಲಕ್ಷಗಳಲ್ಲಿ, ಮುಚ್ಚಳದ ಚಲನೆ ಮೀಟರಿನ ಸಾವಿರದಲ್ಲೊಂದು ಪಾಲು. ದೊಡ್ಡ ಅಂಕಿಗಳ ನಡುವೆ ಚಿಕ್ಕದು ಕಳೆದುಹೋಗಿ, ಲೆಕ್ಕ ದಡ ಸೇರುವುದಿಲ್ಲ. ಸಂಜೆಗೆ ಮತ್ತೆ ಎರರ್.

ಜೂನ್ 10

ಸ್ಕೇಲಿಂಗ್ ಹಾಕಿದೆ. ಪ್ರತಿ ಅಂಕಿಯನ್ನೂ ಅದರ ಸಹಜ ಗಾತ್ರದಿಂದ ಭಾಗಿಸಿದರೆ ಎಲ್ಲವೂ ಒಂದರ ಆಸುಪಾಸಿಗೆ ಬರುತ್ತವೆ. ಆಗ ಯಾವುದೂ ಕಳೆದುಹೋಗದು. ಊಟದ ಹೊತ್ತಿಗೆ ಲೆಕ್ಕ ದಡ ಸೇರಿತು, ಕನ್ವರ್ಜ್ ಆಯಿತು. ಮುಚ್ಚಳ ಹೆಚ್ಚೂಕಡಿಮೆ ಅಲುಗುವುದೇ ಇಲ್ಲ.

ಮ್ಯಾನೇಜರ್ ವಿಷ್ಣುಮೂರ್ತಿಯವರು ಕುರ್ಚಿ ಎಳೆದುಕೊಂಡು ಕೂತರು. “ಇಷ್ಟು ದಿನ ಸತಾಯಿಸಿದ್ದು ಇವತ್ತು ಎಂತ, ಒಮ್ಮೆಲೇ ಸಾಧು ಆಯ್ತಾ?” ಟೆಸ್ಟ್ ಮಾಡುವವರಿಗೆ ರಿಪೋರ್ಟ್ ಆಗಲೇ ಕಳಿಸಿಬಿಟ್ಟರು.

ಊರಿನ ಇನ್ನೊಂದು ತುದಿಯ ಮಾಧವರಂ ಕಡೆಯ ಟೆಸ್ಟ್ ಶೆಡ್‌ನಿಂದ ಸಂಜೀವನ ಫೋನ್. ಮಂಡ್ಯದವನು, ಅಲ್ಲಿ ನಿಜದ ಪೆಟ್ಟಿಗೆಯೊಳಗೆ ಒಂದು ಸೆಲ್ಲನ್ನು ಹೀಟರಿನಿಂದ ಹೊತ್ತಿಸಿ ಟೆಸ್ಟ್ ನಡೆಸುವವನು. “ಮುಚ್ಚಳ ಅಲ್ಲಾಡಕಿಲ್ಲ ಅಂದ್ರೆ ಅಡ್ಡಗೋಡೆ ಬ್ಯಾಡ ಕಣಕ್ಕ. ಪಕ್ಕದಲ್ಲೇ ನಿಂತ್ಕಂಡು ಮೀಟರ್ ಹಿಡೀತೀನಿ. ಬಿಸ್ಲಲ್ಲಿ ಆ ತಗಡಿನ ಗೋಡೆ ಹೊರೋದು ತಪ್ತು. ಕಾಫಿ ನಂದು.”

ಸರಿ ಅಂದೆ.

ಜೂನ್ 13, ಶುಕ್ರವಾರ, ಸಂಜೆ

ಸುಮ್ಮನೆ ಒತ್ತಡವನ್ನು ದುಪ್ಪಟ್ಟು ಮಾಡಿ ಓಡಿಸಿದೆ. ಮುಚ್ಚಳ ಅಷ್ಟೇ ಎದ್ದಿತು. ಕೊನೆಯ ಅಂಕಿಯವರೆಗೂ ಅಷ್ಟೇ. ಹಾಗಾಗಬಾರದು.

ಫೈಲ್ ತೆಗೆದೆ. ಚಲನೆಯ ಸಹಜ ಗಾತ್ರವೆಂದು ಕೊಟ್ಟಿದ್ದು — ಪೆಟ್ಟಿಗೆಯ ಉದ್ದ. ಎರಡು ಮೀಟರ್. ಮುಚ್ಚಳ ಏಳುವುದು ಮಿಲಿಮೀಟರುಗಳಲ್ಲಿ. ಎರಡು ಮೀಟರಿನ ಪಕ್ಕದಲ್ಲಿ ಅದರ ತಪ್ಪು ಲೆಕ್ಕಕ್ಕೇ ಇಲ್ಲ. ಲೆಕ್ಕ ಬಿಡಿಸುವ ಸಾಲ್ವರ್ ಅದನ್ನು ಬಿಡಿಸದೆಯೇ ‘ಮುಗಿಯಿತು’ ಎಂದಿದೆ.

ಸರಿಯಾದ ಗಾತ್ರ ಕೊಟ್ಟು ಮತ್ತೆ ಹಾಕಿದ್ದೇನೆ. ಸರ್ವರ್ ತುಂಬ ಬೇರೆ ಟೀಮಿನ ಕೆಲಸ. ಉತ್ತರ ಸೋಮವಾರ ಬೆಳಿಗ್ಗೆ. ಟೆಸ್ಟ್ ಸೋಮವಾರ ಮಧ್ಯಾಹ್ನ. ವಿಷ್ಣುಮೂರ್ತಿಯವರ ಕ್ಯಾಬಿನ್ ಬಾಗಿಲವರೆಗೆ ಹೋದೆ. ಬಹುಶಃ ಹೆಚ್ಚೇನೂ ಬದಲಾಗದು... ಅಂಕಿ ಕೈಯಲ್ಲಿಲ್ಲದೆ ಏನೆಂದು ಹೇಳಲಿ. ವಾಪಸ್ ಬಂದೆ.

ಜೂನ್ 15, ಭಾನುವಾರ

ಕುಕ್ಕರ್ ಇಡಲಿಲ್ಲ. ಅದರ ಮುಚ್ಚಳ ನೋಡಲಾಗಲಿಲ್ಲ. ಹೋಟೆಲಿನ ಇಡ್ಲಿ, ಅದೂ ಅರ್ಧ. ಸಂಜೀವನ ನಂಬರ್ ತೆಗೆದೆ, ಒತ್ತಲಿಲ್ಲ. ಮತ್ತೆ ತೆಗೆದೆ.

ಜೂನ್ 16, ಸೋಮವಾರ, ಬೆಳಿಗ್ಗೆ 10

ಉತ್ತರ ಬಂತು. ಒಂದು ಬದಿಯಲ್ಲಿ ಮುಚ್ಚಳ ಒಂಬತ್ತು ಮಿಲಿಮೀಟರ್ ಏಳುತ್ತದೆ. ಅಂದರೆ ಬೋಲ್ಟ್‌ಗಳು ಕಿತ್ತು ಬರುತ್ತವೆ. ಬಿಸಿ ಗ್ಯಾಸ್ ಅಡ್ಡಕ್ಕೆ ನುಗ್ಗುತ್ತದೆ — ಸಂಜೀವ ನಿಲ್ಲುವ ಕಡೆಗೇ.

ಹೋಗಿ ಹೇಳಿದೆ. ವಿಷ್ಣುಮೂರ್ತಿಯವರ ಮುಖ ಬಿಳಿಚಿತು.

“ಯಾವಾಗ ಗೊತ್ತಾಯ್ತು ರಚನಾ?”

“ಶುಕ್ರವಾರ ಅನುಮಾನ ಬಂತು ಸರ್.”

“ಶುಕ್ರವಾರ.” ಫೋನ್ ಕೈಗೆತ್ತಿಕೊಂಡರು. “ನನ್ನ ಹತ್ರ ಬೈಸಿಕೊಳ್ಳಿಕ್ಕೆ ಹೆದರಿದ್ದಾ? ಬೈತಿದ್ದೆ. ಅಷ್ಟೇ ಅಲ್ವಾ.”

ಶೆಡ್‌ಗೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. “ನೀವು ಹೊರಡಿ. ನಾನು ಇಲ್ಲಿಂದ ಮಾಡ್ತಾ ಇರ್ತೇನೆ.”

11.20, ಕ್ಯಾಬ್

ಕೊನೆಗೂ ಸಂಜೀವ ಎತ್ತಿದ. ಟೆಸ್ಟ್ ನಿಲ್ಲಿಸು ಅಂದೆ.

“ಬಸ್ ಕಂಪ್ನಿಯಿಂದ ಟೆಸ್ಟ್ ನೋಡಕ್ಕೆ ಬಂದಿರೋ ಕಸ್ಟಮರ್‌ಗೆ ಫ್ಲೈಟ್ ಐತಂತೆ ಕಣಕ್ಕ, ಬೆಳಿಗ್ಗೇನೇ ಶುರು ಮಾಡ್ಸವ್ರೆ. ಹೀಟರ್ ಆನ್ ಆಗಿ ಆಗ್ಲೇ...”

“ಮುಚ್ಚಳ ಏಳುತ್ತೆ ಸಂಜೀವ. ನನ್ನ ಲೆಕ್ಕ ತಪ್ಪು. ಎಲ್ಲರೂ ಹೊರಗೆ ಹೋಗಿ. ಈಗಲೇ.”

ಯಾಕೆಂದು ಕೇಳಲಿಲ್ಲ. ತಮಿಳಿನಲ್ಲಿ ಕೂಗಿದ — “ಎಲ್ಲಾರುಂ ವೆಳಿಯೆ ಪೋಂಗ.” ಓಡುವ ಸದ್ದು. ಕಬ್ಬಿಣದ ಬಾಗಿಲು.

“ನಾವೆಲ್ಲ ಆಚೆ ಬಂದ್ವಿ ಕಣಕ್ಕ. ಆ ಕಸ್ಟಮರ್ ಒಬ್ರೇ... ವಿಡಿಯೋ ತೆಗೀತಾ ಒಳಗೇ ನಿಂತವ್ರೆ. ಕರ್ಕ ಬತ್ತೀನಿ.”

ಬೇಡ ಅಂದೆ. ಅಂದೆನೋ ಇಲ್ಲವೋ.

ಫೋನ್ ಕಟ್ ಮಾಡಿಲ್ಲ ಅವನು. ಕಿವಿಗೆ ಒತ್ತಿಕೊಂಡೇ ಬರೆಯುತ್ತಿದ್ದೇನೆ. ಈ ಕ್ಯಾಬಿನಲ್ಲಿ ಮಾಡಲು ಬೇರೇನೂ ಇಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದಾನೆ. ಮತ್ತೆ ಬಾಗಿಲಿನ ಸದ್ದು. ಅವನ ಹೆಜ್ಜೆ, ಒಳಕ್ಕೆ. ‘ಸರ್, ಸರ್’ ಅನ್ನುತ್ತಿದ್ದಾನೆ. ಹಿಂದೆ ಸಣ್ಣಗೆ ಗ್ಯಾಸ್ ಸೋರುವ ಸದ್ದು — ಇಷ್ಟು ಹೊತ್ತು ಇರಲಿಲ್ಲ. ಈಗ ಇಬ್ಬರ ಹೆಜ್ಜೆ. ಬಾಗಿಲ ಕಡೆಗೇ ಇರಬೇಕು. ಬಾಗಿಲಿನ ಸದ್ದು ಇನ್ನೂ ಕೇಳಿಲ್ಲ. ಇನ್ನೂ —