ಹೊಳೆಗೆ ಬಿಟ್ಟ ಹಾಡು

ಸತ್ತಿ, ತಾ. ಅಥಣಿ
೯ ಫೆಬ್ರುವರಿ ೧೯೯೧

ತಂಗಿ ಸತ್ತೆವ್ವನಿಗೆ ಅಕ್ಕ ಹೊಳೆವ್ವನ ಆಶೀರ್ವಾದ.

ನಾವೆಲ್ಲ ಗಟ್ಟಿ ಇದ್ದೇವೆ. ನಿನ್ನ ಕಾಗದ, ಕ್ಯಾಸೆಟ್ಟು ದೀಪಾವಳಿಗೇ ಬಂದವು. ಉತ್ತರ ತಡವಾಯಿತು. ಬಾಲವಾಡಿಯ ಕೆಲಸ, ಜೋಳದ ಸುಗ್ಗಿ ಎಂದೆಲ್ಲ ನೆವ ಹೇಳಬಹುದು. ನಿಜವೆಂದರೆ, ಸಿಟ್ಟು ಇಳಿಯಲಿ ಎಂದು ಕಾಯುತ್ತಿದ್ದೆ. ಇಳಿಯಲಿಲ್ಲ.

ಅವ್ವನ ಮೊಣಕಾಲು ನೋವು ಹಾಗೇ ಇದೆ. ಎಮ್ಮೆ ಈದಿದೆ. ಗಿಣ್ಣ ಕಾಸಿದ ದಿನ ಅವ್ವ, “ಸತ್ತೆವ್ವಗ ಇದಂದ್ರ ಜೀವಾ” ಎಂದು ನಿನ್ನ ಪಾಲನ್ನೂ ನನಗೇ ಬಡಿಸಿದಳು.

ನಮ್ಮ ಮನೆಯಲ್ಲಿ ಟೇಪು ಎಲ್ಲಿದೆ? ರೇಡಿಯೋ ರಿಪೇರಿಯ ಜಮಾಲಸಾಬ ಕಾಕಾ ತಮ್ಮದನ್ನು ತಂದು ಕಟ್ಟೆಯ ಮೇಲಿಟ್ಟರು. ಓಣಿಗೆ ಓಣಿಯೇ ಕೂಡಿತು. ಮೊದಲು ನಿನ್ನ ಇಂಗ್ಲಿಷ್ ಹಾಡು. ಒಂದಕ್ಷರ ತಿಳಿಯದಿದ್ದರೂ ನನ್ನ ಕಾಲು ತಾನೇ ತಾಳ ಹಾಕುತ್ತಿತ್ತು. ಆಮೇಲೆ ನಮ್ಮ ಬೀಸುವ ಪದ. ನಿನ್ನ ಪಿಯಾನೋದವನು ಕಲ್ಲಿನ ಗರಗರ ಸದ್ದನ್ನೇ ಹಿಡಿದಿದ್ದ. ಆಮೇಲೆ ನೀನೇ ಕಟ್ಟಿದ ರೈಲಿನ ಹಾಡು.

“ಇದಕ್ಕ ಜಾಝ್ ಅಂತಾರವ್ವಾ. ಹುಡುಗಿ ಭಾರಿ ಹಾಡ್ಯಾಳ!” ಎಂದರು ಕಾಕಾ.

“ನನ್ನ ತಂಗಿ ಅಲ್ಲೇನ್ರಿ ಮತ್ತ!” ಎಂದು ಬೀಗಿದೆ. ನೀನು ಮುಂಬಯಿಯ ಹೋಟೆಲಿನಲ್ಲಿ ಹಾಡಲು ಹೋದಾಗ ಊರು ಬಾಯಿಗೆ ಬಂದದ್ದು ಆಡಿತ್ತು. ನಿನ್ನ ಪರವಾಗಿ ಜಗಳಕ್ಕೆ ನಿಂತವಳು ನಾನೊಬ್ಬಳೇ. ಬೀಗಬಾರದೇ?

ಕ್ಯಾಸೆಟ್ಟು ಮಗುಚಿ ಹಾಕಿದರು. ಹಾಡು ಸುರುವಾಯಿತು. ಜೋಳ ಹಸನು ಮಾಡುತ್ತಿದ್ದ ಅವ್ವನ ಮೊರ ನಿಂತಿತು. ನಮ್ಮ ಮನೆಯವರು, ನಿಮ್ಮ ಮಾಮಾ, ಎದ್ದು ದನಗಳ ಕಡೆ ಹೋದರು. ಅದು ನಾನು ನನ್ನ ಕೂಸಿನ ಹೆಣ ಮುಂದಿಟ್ಟುಕೊಂಡು ಅತ್ತ ಹಾಡು.

ನಮ್ಮ ರೀತಿ ನಿನಗೆ ಗೊತ್ತಿಲ್ಲವೇ? ಸತ್ತವರ ಮುಂದೆ ಹಾಡಿಕೊಂಡು ಅತ್ತದ್ದನ್ನು, ಮಣ್ಣು ಮುಗಿಸಿ ಹೊಳೆಯಲ್ಲಿ ಮುಳುಗೇಳುವಾಗ ಅಲ್ಲೇ ಬಿಟ್ಟು ಬರಬೇಕು. ಅದನ್ನೇ ಮತ್ತೆ ಹಾಡಿದರೆ ಸತ್ತವರನ್ನು ಹಿಂದಕ್ಕೆ ಕರೆದಂತೆ, ಅವರಿಗೆ ಹೋಗಲಿಕ್ಕಾಗುವುದಿಲ್ಲ. ಇಷ್ಟು ವರ್ಷ, ಬೀಸುವಾಗ ಎಷ್ಟೋ ಸಲ ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದೇನೆ. ಅಂದು ನೀನು ನನ್ನ ಬೆನ್ನಿಗೆ ಆತು ಕೂತಿದ್ದೆ. ನನ್ನ ಜೊತೆ ಅಳುತ್ತಿದ್ದೀ ಅಂದುಕೊಂಡಿದ್ದೆ. ಕಲಿಯುತ್ತಿದ್ದೆಯೇನೇ?

ಹಾಡು ಮುಗಿದಾಗ ಕ್ಯಾಸೆಟ್ಟಿನೊಳಗೆ ಜನ ಚಪ್ಪಾಳೆ ಹೊಡೆದರು. ಯಾವನೋ ಸಿಳ್ಳೆ ಹಾಕಿದ. ಡಬ್ಬಿಯ ಮೇಲೆ ನೋಡಿದರೆ “ಕೃಷ್ಣಾ ತೀರದ ಹಳೆಯ ಜೋಗುಳ” ಎಂದು ಅಚ್ಚಾಗಿದೆ. ಜೋಗುಳವಂತೆ!

“ಹೋಗ್ಲಿ ಬಿಡು ಹೊಳೆವ್ವಾ, ಹೆಸರು ಮಾಡಾಕತ್ತಾಳ. ಆಕಿಗೆ ಏನೂ ಬರೀಬ್ಯಾಡ” ಎಂದಳು ಅವ್ವ. ಅವಳು ಯಾವತ್ತೂ ನಿನ್ನ ಕಡೆಯೇ. ನಾನು ಬಿಡುವವಳಲ್ಲ.

ಬೆಳಗಾವಿಗೆ ಕಾರ್ಯಕ್ರಮಕ್ಕೆ ಬರುತ್ತೀಯಂತೆ, ನಾನು ಪಕ್ಕದಲ್ಲಿ ಕೂತು ಅದನ್ನೇ ಹಾಡಬೇಕಂತೆ. “ಅಕ್ಕಾ, ನಿನ್ನ ದನಿ ಇಲ್ಲದ ಅದು ಅರ್ಧಾ ಆಗೈತಿ” ಎಂದು ಬರೆದಿದ್ದೀ. ಹಾಗೆ ಬರೆಯಲು ಮನಸ್ಸಾದರೂ ಹೇಗೆ ಬಂತು? ನಾನು ಬರುವುದಿಲ್ಲ. ನೀನೂ ಅದನ್ನು ಇನ್ನೆಲ್ಲೂ ಹಾಡಬೇಡ. ಹಾಡಿದ ಸುದ್ದಿ ಬಂತೋ, ನನಗೆ ತಂಗಿ ಇಲ್ಲ.

ಗಂಟಲು ಜೋಪಾನ. ರಾತ್ರಿಯ ಹಾಡಿಕೆ ಮುಗಿದ ಮೇಲೆ ಬಿಸಿನೀರು ಕುಡಿ. ಎತ್ತಿ ಆಡಿಸಿದವಳು ನಾನು, ಶಾಪ ಹಾಕಲು ಬಾಯಿ ಬರುವುದಿಲ್ಲ. ನೂರು ವರ್ಷ ಬಾಳು.

ನಿನ್ನ ಅಕ್ಕ,
ಹೊಳೆವ್ವ

ತಾ.ಕ.: ಇಷ್ಟೆಲ್ಲ ಬೈದೆ, ಆದರೂ ಹೇಳಬೇಕಾದದ್ದು ಒಳಗೇ ಉಳಿಯಿತು. ಆ ಹಾಡು ಸುರುವಾದಾಗ ನನಗೆ ಮೊದಲು ಸಿಟ್ಟು ಬರಲಿಲ್ಲ. ನನ್ನ ಮಗಳ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಿವಿಗೊಟ್ಟು ಕಾದೆ. ನಾನು ಸಾಲುಸಾಲಿಗೂ ಅವಳ ಹೆಸರು ಹಿಡಿದು ಕರೆದಿದ್ದೆನಲ್ಲ, ಅಲ್ಲೆಲ್ಲ ನೀನು “ಬೇಬಿ, ಬೇಬಿ” ಎಂದು ಹಾಡಿದ್ದೀ. ತಾಳಕ್ಕೆ ಕೂಡಲಿಲ್ಲವೇ? ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಹೆಸರಿಡುವ ದಿನ, ನಿಮ್ಮ ಮಾಮಾಗೆ ಅಕ್ಕತಂಗಿಯರಿಲ್ಲವೆಂದು ಸೋದರತ್ತೆಯ ಜಾಗದಲ್ಲಿ ನೀನೇ ಕೂತು, ತೊಟ್ಟಿಲಿಗೆ ಬಗ್ಗಿ, ಅವಳ ಕಿವಿಯಲ್ಲಿ “ಬಾಳವ್ವಾ, ಕುರ್‍ರ್” ಎಂದಿದ್ದೆ. ನಾವೆಲ್ಲ ನಗುತ್ತ ನಿನ್ನ ಬೆನ್ನಿಗೆ ಗುದ್ದಿದ್ದೆವು. ಆ ಹೆಸರು ಇಟ್ಟವಳೇ ನೀನು, ಸತ್ತೆವ್ವ.